ಕಟ್ಟಿಗೆ ಏಳು ಎಲೆ ಹೆಚ್ಚಾದರೆ?

ಎಲೆ ಹಿಡಿದು ಲೋಕವನ್ನೇ ಪಣಕ್ಕಿಡುವ ಆಟವೂ ಉಂಟು ಸ್ವಾಮಿ! ಅಮೆರಿಕದಲ್ಲಿ 2005ರಲ್ಲಿ ಹೊರಟ ‘ಟ್ವೈಲೈಟ್ ಸ್ಟ್ರಗಲ್’. ಮೇಜಿನ ಮೇಲೆ ಭೂಪಟ. ಒಬ್ಬರು ಅಮೆರಿಕ, ಇನ್ನೊಬ್ಬರು ರಷ್ಯ. 1945ರಿಂದ 1989ರವರೆಗಿನ ಶೀತಲ ಸಮರ ಪೂರಾ ಎಲೆಗಳಲ್ಲೇ. ಭಾರತ-ಪಾಕ್ ಯುದ್ಧಕ್ಕೂ ಒಂದು ಎಲೆ ಇದೆ.

ಮೊದಲು ಇದ್ದದ್ದು 103 ಎಲೆ. 2009ರ ಆವೃತ್ತಿಯಲ್ಲಿ 110 ಆಯಿತು. ಹೆಚ್ಚಿನ ಏಳನ್ನು ಬೇಕಾದರೆ ಸೇರಿಸಿ, ಬೇಡವಾದರೆ ಬಿಡಿ ಎಂದರು.

ಏಳೇ ಎಲೆ, ಅದೇನು ಮಹಾ ಅನ್ನಬೇಡಿ. ಎದುರಾಳಿಯ ಎಲೆ ನಿಮ್ಮ ಕೈಗೆ ಬಂದರೆ, ನೀವು ಆಡಿದರೂ ಲಾಭ ಅವನಿಗೂ ಹೋಗುತ್ತೆ. ಅದಕ್ಕೇ ಪಳಗಿದವರು ಯಾವುದು ಬಿತ್ತು, ಯಾವುದು ಬಾಕಿ ಅಂತ ಅಂಗಡಿ ಸಾಲದ ಹಾಗೆ ಲೆಕ್ಕ ಇಟ್ಟಿರ್ತಾರೆ. ಹೊಸ ಎಲೆ ಕಲೆಸಿದರೆ ಆ ಲೆಕ್ಕ ತಪ್ಪಿತು!

ಏಳರಲ್ಲೊಂದು ಸಮಂತಾ ಸ್ಮಿತ್ ಎಲೆ. 1982ರಲ್ಲಿ ರಷ್ಯದ ನಾಯಕ ಆಂಡ್ರೊಪೊವ್‌ಗೆ ‘ಯುದ್ಧ ಮಾಡ್ತೀರಾ?’ ಅಂತ ಪತ್ರ ಬರೆದ ಹತ್ತು ವರ್ಷದ ಅಮೆರಿಕದ ಹುಡುಗಿ ಅವಳು. ಈ ಎಲೆ ಬಿದ್ದ ಮೇಲೆ ಆ ಸುತ್ತು ಮುಗಿಯುವ ತನಕ ಅಮೆರಿಕದವ ಎಲ್ಲಿ ದಂಗೆ ಎಬ್ಬಿಸಿದರೂ ರಷ್ಯಕ್ಕೆ ಒಂದೊಂದು ಅಂಕ.

ಇಷ್ಟು ತೂಕದ ಎಲೆ ಬೇಕೋ ಬೇಡವೋ, ಹಂಚುವ ಮೊದಲೇ ಇಬ್ಬರೂ ಮಾತಾಡಿಕೊಳ್ಳಬೇಕು. ಸೋತ ಮೇಲೆ ತಕರಾರು ತೆಗೆದರೆ ಅದು ಆಟವಲ್ಲ, ಜಗಳ!