ಎರಾಸ್ಮಸನ ಪತ್ರಗಳು: ಪಿ. ಎಸ್. ಆಲೆನ್ನರ ಸಂಶೋಧನೆ

ಯೂರೋಪಿನ ಪುನರುಜ್ಜೀವನ ಮತ್ತು ಮತಸುಧಾರಣೆಗಳ ಚರಿತ್ರೆಯನ್ನು ಬೋಧಿಸುವವರಿಗೆ ಎರಾಸ್ಮಸನ ಪತ್ರಗಳನ್ನು ಆಶ್ರಯಿಸದೆ ವಿಧಿಯಿಲ್ಲ. ಅವನು ಬರೆದವೂ ಅವನಿಗೆ ಬಂದವೂ ಸೇರಿ ಮೂರು ಸಾವಿರಕ್ಕೂ ಮೇಲ್ಪಟ್ಟ ಲ್ಯಾಟಿನ್ ಪತ್ರಗಳು ಉಳಿದುಬಂದಿವೆ. ಇವನ್ನು ಕ್ರಮಪಡಿಸಿದ ಶ್ರೇಯಸ್ಸು ಪರ್ಸಿ ಸ್ಟಾಫರ್ಡ್ ಆಲೆನ್ (1869–1933) ಅವರಿಗೆ ಸಲ್ಲತಕ್ಕದ್ದು. ಆಕ್ಸ್‌ಫರ್ಡಿನಲ್ಲಿ ಈ ಕಾರ್ಯಕ್ಕೆ ಜೀವಮಾನವನ್ನು ಮುಡಿಪಾಗಿಡುವ ಮೊದಲು ಅವರು ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಚರಿತ್ರೆಯ ಪ್ರಾಧ್ಯಾಪಕರಾಗಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮೊದಲ ತೊಡಕು ಕಾಲದ್ದು. ಎರಾಸ್ಮಸನು ಅನೇಕ ಪತ್ರಗಳಿಗೆ ದಿನ, ತಿಂಗಳುಗಳನ್ನು ಮಾತ್ರ ಹಾಕಿ ವರ್ಷವನ್ನು ಬಿಟ್ಟಿದ್ದನು. ಬಹುಕಾಲದ ಮೇಲೆ ಅಚ್ಚಿಗೆ ಕೊಡುವಾಗ ಸೇರಿಸಿದ ವರ್ಷಗಳು ಹಲವೆಡೆ ತಪ್ಪಿವೆ. ಸಾಲದುದಕ್ಕೆ ವರ್ಷಾರಂಭವೇ ಊರೂರಿಗೆ ಬೇರೆ. ಈಸ್ಟರ್ ಹಬ್ಬದಿಂದ ವರ್ಷವನ್ನು ಎಣಿಸುವ ಕ್ರಮದಲ್ಲಿ ಪ್ಯಾರಿಸ್ಸಿನಿಂದ 1500ರ ಫೆಬ್ರುವರಿಯೆಂದು ಬರೆದ ಪತ್ರವು ನಮ್ಮ ಲೆಕ್ಕಕ್ಕೆ 1501ರದಾಗುತ್ತದೆ. ಶಾಸನಗಳ ಗತ, ವರ್ತಮಾನ ಶಕವರ್ಷಗಳೊಡನೆ ಹೆಣಗಿದವರಿಗೆ ಇದು ಹೊಸತೆನಿಸದು. ಆಲೆನ್ನರು ಪತ್ರದ ಒಡಲನ್ನೇ ಸಾಕ್ಷಿಗೆ ಕರೆದರು: ಆಗ ಯಾರು ಯಾವ ಊರಿನಲ್ಲಿದ್ದರು, ಯಾವ ಗ್ರಂಥ ಅಚ್ಚಿನಲ್ಲಿತ್ತು, ಪತ್ರವನ್ನು ಒಯ್ದವರು ಯಾರು ಎಂಬ ಸಣ್ಣ ಸಂಗತಿಗಳಿಂದ ಕಾಲವನ್ನು ನಿಶ್ಚಯಿಸಿದರು.

ಪಾಠನಿರ್ಣಯವು ಇದಕ್ಕಿಂತ ಸೂಕ್ಷ್ಮವಾದುದು. ಎರಾಸ್ಮಸನ ನಡತೆಯನ್ನು ಕುರಿತ ನಮ್ಮ ತೀರ್ಪು ಅದನ್ನೇ ಅವಲಂಬಿಸಿದೆ. 1519ರ ಮಾರ್ಚ್ 28ರಂದು ಲೂಥರನು ಬರೆದ ಪತ್ರಕ್ಕೆ ಅವನು ಮೇ 30ರಂದು ಲೂವೇನಿನಿಂದ ಉತ್ತರ ಕೊಟ್ಟನು. ಅವನ ಅನುಮತಿಯಿಲ್ಲದೆ ಜರ್ಮನಿಯಲ್ಲಿ ಬೇಗನೆ ಅಚ್ಚಾದ ಪ್ರತಿಯಲ್ಲಿ, ಲೂಥರನಿಗೆ ಅನುಕೂಲರಾದವರಲ್ಲಿ ಲಿಯೇಜಿನ ಬಿಷಪ್ಪನೂ ಒಬ್ಬನೆಂದಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಸೆಲಿನ ಫ್ರೋಬೆನ್ ಮುದ್ರಣಾಲಯದಿಂದ ಎರಾಸ್ಮಸನೇ ಹೊರಡಿಸಿದ ಸಂಪುಟದಲ್ಲಿ ಆ ಬಿಷಪ್ಪನ ಗುರುತು ಮರೆಯಾಗಿದೆ! ಇದನ್ನು ಹೇಡಿತನವೆಂದು ಜರೆಯುವುದು ಸುಲಭ. ಆದರೆ ಅಪಾಯಕ್ಕೆ ಸಿಕ್ಕಿದ್ದುದು ಮತ್ತೊಬ್ಬನ ಹೆಸರು. ಲೂಥರನಿಗೆ ಸಂಯಮವನ್ನು ಬೋಧಿಸಿದ ತನ್ನ ಮಾತುಗಳನ್ನು ಅವನು ಅಳಿಸಲಿಲ್ಲ. ಒಂದೇ ಮುದ್ರಣವನ್ನು ಓದಿದವನಿಗೆ ಈ ಪ್ರಶ್ನೆಯೇ ಏಳದು. ಆಲೆನ್ನರ ಪುಟದ ಅಡಿಯಲ್ಲಿ ಪಾಠಾಂತರಗಳು ಒಟ್ಟಿಗೆ ಕಾಣುವುದರಿಂದ ಬರೆದುದು ಯಾವುದು, ತಿದ್ದಿದುದು ಯಾವುದು ಎಂಬುದನ್ನು ವಿದ್ಯಾರ್ಥಿಯೇ ಪರೀಕ್ಷಿಸಬಹುದು. ಅವನ ಲಿಪಿಕಾರರು ಸುಮಾರು 1517–18ರಲ್ಲಿ ಎತ್ತಿಕೊಂಡ ನಕಲುಗಳ ಹಸ್ತಪ್ರತಿ ಡೆವೆಂಟರಿನಲ್ಲಿ ಉಳಿದಿದ್ದುದೂ ಈ ಹೋಲಿಕೆಗೆ ನೆರವಾಯಿತು.

ಪ್ರಥಮ ಸಂಪುಟ ಪ್ರಕಟವಾದುದು 1906ರಲ್ಲಿ. ಆಲೆನ್ನರು ತೀರಿಕೊಂಡ ಮೇಲೆ, ಮೊದಲಿನಿಂದ ಜೊತೆಗೆ ದುಡಿದಿದ್ದ ಪತ್ನಿ ಹೆಲೆನ್ ಮೇರಿ ಆಲೆನ್ನರು ಎಚ್. ಡಬ್ಲ್ಯು. ಗ್ಯಾರಡರೊಡನೆ ಕೆಲಸವನ್ನು ಮುಂದುವರಿಸಿದರು. ಹನ್ನೊಂದನೆಯ ಸಂಪುಟ 1947ರಲ್ಲಿಯೂ, ಅಕಾರಾದಿ ಸೂಚಿಯ ಸಂಪುಟ 1958ರಲ್ಲಿಯೂ ಹೊರಬಂದವು.