ಎರೆ ಹೊಲದ ಮೈ ಸವರುವ ಕುಂಟೆ

ಗದಗ, ಬಾಗಲಕೋಟೆ, ವಿಜಯಪುರದ ಎರೆ ಸೀಮೆಯಲ್ಲಿ ರಂಟೆ ಹೊಡೆಯುವುದು ವರ್ಷವರ್ಷದ ಕೆಲಸವಾಗಿರಲಿಲ್ಲ. ಕರಿಕೆ ಬೇರೂರಿ ಹೊಲ ಕೈಮೀರಿತೆಂದಾಗ ಆಳವಾಗಿ ಉಳುತ್ತಿದ್ದರು. ಉಳಿದ ವರ್ಷಗಳಲ್ಲಿ ಹೊಲ ಹಸನು ಮಾಡುವ ಹೊಣೆಯೆಲ್ಲ ಕುಂಟೆಯದು.

ನೋಡಲು ಅದರಲ್ಲಿ ಹೆಚ್ಚೇನಿಲ್ಲ. ಜಾಲಿ ಮರದ ದಿಂಡು, ಅದರಿಂದ ಇಳಿದ ಎರಡು ಗೂಟ, ಗೂಟಗಳ ತುದಿಗೆ ಅಡ್ಡಲಾಗಿ ಕೂರಿಸಿದ ಕಬ್ಬಿಣದ ಹರಿತವಾದ ಕುಡ. ಮುಂದೆ ಈಸು, ನೊಗ, ಜೋಡೆತ್ತು, ಹಿಂದೆ ಮೇಳಿ. ರಂಟೆ ಮಣ್ಣನ್ನು ಸೀಳಿ ಎಬ್ಬಿಸಿದರೆ ಕುಂಟೆ ಎರಡು ಮೂರು ಅಂಗುಲದಾಚೆ ಇಳಿಯುವುದಿಲ್ಲ. ಕಸದ ಬೇರು ಕೊಯ್ಯುತ್ತ, ದಿಬ್ಬದ ಮಣ್ಣು ಕೆರೆದು ತಗ್ಗಿಗೆ ಬಿಡುತ್ತ ಸಾಗುತ್ತದೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಹರಗಿದರೆ ಹೊಲ ಒಂದು ಮಟ್ಟಕ್ಕೆ ಬರುತ್ತದೆ. ಎಷ್ಟು ಒತ್ತಬೇಕು, ಎಲ್ಲಿ ಸಡಿಲಿಸಬೇಕು ಎಂಬುದು ಮೇಳಿ ಹಿಡಿದವನ ಅಂದಾಜು. ಹೆಂಟೆ ಗಟ್ಟಿಯಿದ್ದರೆ ಮೇಲೆ ನಿಂತು ಕೊರಡು ಎಳೆಸುವುದೂ ಉಂಟು.

ಇಷ್ಟು ಮೇಲುಮೇಲಿನ ಕೆಲಸ ಸಾಕಾಗುವುದು ಎರೆ ಮಣ್ಣಿನ ಗುಣದಿಂದ. ಬೇಸಗೆಯಲ್ಲಿ ಅದು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ಪುಡಿಮಣ್ಣು ಒಳಗೆ ಉದುರುತ್ತದೆ. ಮಳೆ ಬಿದ್ದು ಹಿಗ್ಗಿದಾಗ ಒಳಗಿನದು ಮೇಲಕ್ಕೆ ಒತ್ತುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ಭೂಮಿಗೆ ಮತ್ತೆ ನಾವು ರಂಟೆ ಯಾಕೆ ಹೂಡಬೇಕು?

1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಐದು ಕೇಂದ್ರಗಳು ಶುರುವಾದವು. ಸೊಲ್ಲಾಪುರ, ರೋಹ್ತಕ್ ಬಿಟ್ಟರೆ ಉಳಿದ ಮೂರು, ಅಂದರೆ ವಿಜಯಪುರ, ರಾಯಚೂರು ಮತ್ತು ಬಳ್ಳಾರಿ ಬಳಿಯ ಹಗರಿ, ಇಂದಿನ ಕರ್ನಾಟಕದವೇ. ಆ ಕಾಲದಲ್ಲಿ ರೂಪುಗೊಂಡ ‘ಮುಂಬಯಿ ಒಣಬೇಸಾಯ ಪದ್ಧತಿ’ಯ ಸಲಹೆ ಹೀಗಿತ್ತು: ಮೂರು ವರ್ಷಕ್ಕೊಮ್ಮೆ ಆಳ ಉಳುಮೆ, ಮಳೆಗಾಲದುದ್ದಕ್ಕೂ ಮತ್ತೆ ಮತ್ತೆ ಕುಂಟೆ, ಹೊಲಕ್ಕೆ ಒಡ್ಡು, ಬೀಜ ಕಡಿಮೆ, ಸಾಲು ಅಗಲ. ಅಜ್ಜಂದಿರ ರೂಢಿಗೆ ಸರಕಾರಿ ಮೊಹರು ಬಿತ್ತು ಅನ್ನಿ.

ಕುಂಟೆ ಹೊಡೆದು ಹೊಲ ಮಟ್ಟ ಮಾಡಿದ್ದರ ಬೆಲೆ ತಿಳಿಯುವುದು ಉತ್ತರಿ ಮಳೆಯ ಹೊತ್ತಿಗೆ, ಹಿಂಗಾರಿ ಜೋಳಕ್ಕೆ ಕೂರಿಗೆ ಹೂಡಿದಾಗ. ಬೀಜ ಹಸಿಗೆ ಮುಟ್ಟಬೇಕು, ಎಲ್ಲ ಕಡೆ ಒಂದೇ ಆಳಕ್ಕೆ ಬೀಳಬೇಕು. ತಗ್ಗಿನಲ್ಲಿ ನೀರು ನಿಂತರೆ ಕಡಲೆ ಹಳದಿಯಾಗುತ್ತದೆ, ದಿಬ್ಬದಲ್ಲಿ ಜೋಳ ಮೊಣಕಾಲೆತ್ತರಕ್ಕೇ ಸೊರಗುತ್ತದೆ.

ಕುಂಟೆಗೂ ಮೀರಿದ ಇಳಿಜಾರಿದ್ದರೆ ಒಡ್ಡು ಹಾಕಿ ಕಾಯಬೇಕು. ಮಳೆನೀರಿನೊಂದಿಗೆ ಬಂದ ರೇವೆ ಒಡ್ಡಿಗೆ ತಡೆದು ನಿಂತು, ವರ್ಷಗಳು ಕಳೆದಂತೆ ಹೊಲ ತಾನಾಗಿ ಸಮವಾಗುತ್ತ ಬರುತ್ತದೆ. ಇದಕ್ಕೆ ತಾಳ್ಮೆಯಿಲ್ಲದವರು ಜೆಸಿಬಿ ತರಿಸುತ್ತಾರೆ. ಅದು ದಿಬ್ಬದ ಮೇಲ್ಮಣ್ಣನ್ನೆಲ್ಲ ಬಳಿದು ತಗ್ಗಿಗೆ ಸುರಿದರೆ, ಬಳಿದ ಜಾಗದಲ್ಲಿ ಸುಣ್ಣಕಲ್ಲಿನ ಬಡಮಣ್ಣು ಎದ್ದು ಬರುತ್ತದೆ. ಹೊಲ ಕಣ್ಣಿಗೆ ಚಂದ. ಇಳುವರಿ ಮಾತ್ರ ಅಲ್ಲಿ ಬಹುಕಾಲ ಚೇತರಿಸಿಕೊಳ್ಳುವುದಿಲ್ಲ. ರೋಟವೇಟರಿನ ಹಿಟ್ಟಿನಂಥ ನುಣುಪನ್ನೂ ನಾನು ನಂಬುವುದಿಲ್ಲ. ದೊಡ್ಡ ಮಳೆಗೆ ಆ ಹಿಟ್ಟು ಹೆಪ್ಪುಗಟ್ಟುತ್ತದೆ, ಇಲ್ಲವೇ ಹಳ್ಳ ಸೇರುತ್ತದೆ.

ಎತ್ತು ಸಾಕುವವರು ಕಡಿಮೆಯಾದ ಮೇಲೆ ಕುಂಟೆ ಟ್ರ್ಯಾಕ್ಟರಿನ ಬೆನ್ನೇರಿದೆ. ಎತ್ತಿನ ಗಳೆ ದಿನವಿಡೀ ಹರಗುವಷ್ಟನ್ನು ಅದು ಹೊತ್ತೇರುವುದರೊಳಗೆ ಮುಗಿಸುತ್ತದೆ. ಕೆಲಸದ ತತ್ವವೂ ಅದೇ: ಮಣ್ಣು ಮಗುಚದೆ ಮೈ ಸವರುವುದು. ಆದರೆ ತೂಕದ ಯಂತ್ರ ಹಸಿ ಎರೆಗೆ ಇಳಿದರೆ ಹೂಳುತ್ತದೆ, ಹೂಳದಿದ್ದರೂ ಗಾಲಿ ಹಾದಲ್ಲೆಲ್ಲ ನೆಲ ಅಮುಕಿ ಕಲ್ಲಾಗುತ್ತದೆ. ಹಾಗಾಗಿ ಬಿತ್ತನೆಯ ಅವಸರದ ದಿನಗಳಲ್ಲಿ, ಟ್ರ್ಯಾಕ್ಟರು ನೆಲ ಆರಲೆಂದು ಬದುವಿನಾಚೆ ಕಾಯುತ್ತಿರುವಾಗ, ಊರಲ್ಲಿ ಉಳಿದ ಎತ್ತಿನವರ ಮನೆಗೆ ಬಾಡಿಗೆ ಕೇಳಲು ಬರುವವರಿದ್ದಾರೆ.