ಕೊರಳಿನ ಗಂಟು



ಕೊರಳಾಗ ಗಂಟು ಎದ್ದರೆ ನಾವು ಏನು ಮಾಡುತ್ತೇವೆ? ಸೆರಗಿನಿಂದ ಮುಚ್ಚುತ್ತೇವೆ. ಕೆಲವರು ಬರೆ ಹಾಕಿಸುತ್ತಾರೆ. 'ಗಂಡಮಾಲೆ ಬಂದೈತಿ, ಅಕಿ ತಾಟು ಬ್ಯಾರೆ ಇಡ್ರಿ' ಎನ್ನುವವರೂ ಉಂಟು. ಇದು ಸರಿಯೇ? ತಿಳಿಯೋಣ.

ಗಂಟು ಅಂದರೆ ಏನು?

ನಮ್ಮ ಮೈಯಲ್ಲಿ ಸುಮಾರು 600 ಸಣ್ಣ ಗ್ರಂಥಿಗಳಿವೆ. ಅವುಗಳ ಹೆಸರು ದುಗ್ಧಗ್ರಂಥಿ. ಕುತ್ತಿಗೆಯಲ್ಲಿ ಅವು ಬಹಳ. ಅವು ಮೈ ಕಾಯುವ ಚೌಕಿಗಳು. ರೋಗಾಣು ಬಂದರೆ ಅಲ್ಲಿ ಹೋರಾಟ ನಡೆಯುತ್ತದೆ. ಆಗ ಗ್ರಂಥಿ ಊದುತ್ತದೆ.

ನೆಗಡಿ, ಗಂಟಲು ನೋವು, ಹುಳುಕು ಹಲ್ಲಿನಿಂದ ಎದ್ದ ಗಂಟು ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ನಮ್ಮ ದೇಶದಲ್ಲಿ ಮೊದಲ ಸಂಶಯ ಕ್ಷಯದ ಮೇಲೆ. ಕೆಲವೊಮ್ಮೆ ಕ್ಯಾನ್ಸರ್ ಕೂಡ ಇರಬಹುದು. ಕೊರಳಿನ ಕ್ಷಯ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಶ್ವಾಸಕೋಶದಲ್ಲೂ ಕ್ಷಯ ಇದ್ದರೆ ಮಾತ್ರ ಅಂಟಬಹುದು.

ಬೇಲಿಯೇ ಎದ್ದು ಹೊಲ ಮೇಯ್ದರೆ?

ಗಂಟಿಗೆ ಇನ್ನೊಂದು ಕಾರಣ ಉಂಟು. ಮೈ ಕಾಯಬೇಕಾದ ಶಕ್ತಿಯೇ ಕೆಲವೊಮ್ಮೆ ಮೈಯ ಮೇಲೆ ತಿರುಗಿ ಬೀಳುತ್ತದೆ. ಇಂಥ ಒಂದು ರೋಗ ಲೂಪಸ್. ಇದು ಬಂದ 10 ಜನರಲ್ಲಿ ಸುಮಾರು 9 ಮಂದಿ ಹೆಂಗಸರು. ಗಂಟಿನ ಸಂಗಡ ಜ್ವರ, ಕೀಲುನೋವು, ಬಾಯಿಹುಣ್ಣು ಬರಬಹುದು. ಕೂದಲು ಉದುರಬಹುದು. ಬಿಸಿಲಿಗೆ ಹೋದರೆ ಕೆನ್ನೆ, ಮೂಗು ಕೆಂಪಾಗಬಹುದು. ಮೂತ್ರಪಿಂಡ ಕೆಟ್ಟರೆ ಮುಖಕ್ಕೆ, ಕಾಲಿಗೆ ಬಾವು ಬರುತ್ತದೆ. ಲೂಪಸ್ ಅಂಟುರೋಗ ಅಲ್ಲ. ಯಾರ ಶಾಪವೂ ಅಲ್ಲ.

1972ರಲ್ಲಿ ಜಪಾನಿನ ವೈದ್ಯರು ಕಿಕುಚಿ ಎಂಬ ರೋಗ ಗುರುತಿಸಿದರು. ಇದೂ ಹರೆಯದ ಹೆಂಗಸರಲ್ಲಿ ಹೆಚ್ಚು. ಗಂಟು, ಜ್ವರ ಕ್ಷಯದ ಹಾಗೇ ಕಾಣುತ್ತವೆ. ಆದರೆ ಬಹಳ ಮಂದಿಗೆ ಕೆಲವು ತಿಂಗಳಲ್ಲಿ ತಾನೇ ಗುಣವಾಗುತ್ತದೆ.

ಏನು ಮಾಡಬೇಕು?

'ಮುಟ್ಟಿ ನೋಡಿದರ ಯಾವ ರೋಗ ಅಂತ ಗೊತ್ತಾಗೂದಿಲ್ಲೇನ್ರಿ?' ಗೊತ್ತಾಗುವುದಿಲ್ಲ. ಸೂಜಿ ಚುಚ್ಚಿ, ಇಲ್ಲವೇ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಬೇಕು. ರಕ್ತ, ಮೂತ್ರವನ್ನೂ ನೋಡಬೇಕು.

ಯಾಕೆಂದರೆ ಔಷಧ ಬೇರೆ ಬೇರೆ. ಕ್ಷಯಕ್ಕೆ ಕನಿಷ್ಠ 6 ತಿಂಗಳು ಗುಳಿಗೆ ನುಂಗಬೇಕು. ಅದು ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಲೂಪಸ್ಸಿನ ಕೆಲವು ಗುಳಿಗೆಗಳು ಮೈಯ ಕಾವಲನ್ನೇ ತಗ್ಗಿಸುತ್ತವೆ. ಕ್ಷಯ ಇದ್ದವರು ತಿಳಿಯದೆ ಅವನ್ನು ನುಂಗಿದರೆ ಕ್ಷಯ ಉಲ್ಬಣಿಸುತ್ತದೆ. ಅಂದಾಜಿನ ಮೇಲೆ ಗುಳಿಗೆ ತರಬೇಡಿ. ಡಾಕ್ಟರು ಕೊಟ್ಟ ಗುಳಿಗೆಯನ್ನು ನಡುವೆ ಬಿಡಬೇಡಿ.

ರೋಣ, ನರಗುಂದ, ಗಜೇಂದ್ರಗಡದ ಕಡೆಯವರು ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ. ಹೆಚ್ಚಿನ ಪರೀಕ್ಷೆಗೆ ಗದಗಿನ ಜಿಮ್ಸ್ ಇದೆ. ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎನ್ನುವ ದೊಡ್ಡ ಆಸ್ಪತ್ರೆ ಇದೆ.

ಈಗ ನಮಗೆ ಬರೆಯಲು ಬರುತ್ತದೆ. ಗಂಟು ಕಂಡ ದಿನ ಬರೆದಿಡಿ. ಜ್ವರ ಬಂದ ದಿನ ಬರೆದಿಡಿ. ಮೂರು ವಾರ ದಾಟಿದರೆ ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ.